ಗೃಹಕವಿಚಾರ: ಗೊಂಬೆಮನೆಯ ನೆಲಗೋಡೆಗಳ ಔಚಿತ್ಯ

ಶಾಸನ, ಛಂದಸ್ಸು, ಪಾಠಾಂತರಗಳ ಚರ್ಚೆಯನ್ನು ನಿರೀಕ್ಷಿಸಿ ಈ ತ್ರೈಮಾಸಿಕವನ್ನು ಬಿಚ್ಚುವ ವಿದ್ವಾಂಸರಿಗೆ ಗೊಂಬೆಯ ಮನೆಯ ಮಾತು ಬಾಲಿಶವಾಗಿ ತೋರುವುದು ಸಹಜವೇ. ನನಗೂ ಹಾಗೆಯೇ ತೋರುತ್ತಿದ್ದಿತು. ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಅನುಕರಣವಾದವನ್ನು ವಿವರಿಸುತ್ತ, ಮನೆಯನ್ನು ನೋಡಿ ಚಿತ್ರ ಬರೆಯುವುದು ಕಲೆಯೆಂದೂ ಕಪಾಟಿನೊಳಗೆ ಮನೆ ಕಟ್ಟಿ ಗೊಂಬೆ ಕೂರಿಸುವುದು ಹೊತ್ತುಗಳೆಯುವ ಆಟವೆಂದೂ ನಾನು ಆಡಿದ್ದೆನು. ಸಭೆ ನಕ್ಕಿತು. ಆ ಕಪಾಟು ಯಾರದೆಂಬುದು ಸಭೆಗೆ ತಿಳಿದಿರಲಿಲ್ಲ, ನನಗೆ ತಿಳಿದಿದ್ದಿತು. ಆ ಮಾತನ್ನು ಹಿಂದೆಗೆದುಕೊಳ್ಳುವುದೂ, ಹಾಗೆ ಹಿಂದೆಗೆದುಕೊಳ್ಳುವುದಕ್ಕೆ ಶಾಸ್ತ್ರಾಧಾರವೇನೆಂಬುದನ್ನು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶವಾಗಿರುತ್ತದೆ.

ವಿಮರ್ಶೆಗೆ ವಿಷಯವಾದ ವಸ್ತುವು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ, ಒಂದು ಹಳೆಯ ಮನೆಯ ಪಡಸಾಲೆಯಲ್ಲಿದೆ. ವರದೆಯ ದಡದ ಈ ಊರನ್ನು ಧೀರೇಂದ್ರತೀರ್ಥರ ವೃಂದಾವನದ ಕಾರಣದಿಂದ ಬಲ್ಲವರು ಬಹುಮಂದಿ ಇರುವರು. ಕಪಾಟು ಸಾಗವಾನಿಯದು, ಐದಡಿ ಎತ್ತರ, ಮೂರಡಿ ಅಗಲ, ಒಂದಡಿಗೆ ತುಸು ಮಿಕ್ಕ ಆಳ. ನಮ್ಮ ತೀರ್ಥರೂಪರು ಪೋಥಿಗಳನ್ನಿಡುವುದಕ್ಕಾಗಿ ಮಾಡಿಸಿದ್ದು. ಅದರ ನಾಲ್ಕು ಖಾನೆಗಳಲ್ಲಿ ಈಗ ಪೋಥಿಗಳಿಲ್ಲ. ಕೆಳಗಿನದರಲ್ಲಿ ಹಟ್ಟಿ, ಎರಡನೆಯದರಲ್ಲಿ ಅಡಿಗೆಮನೆ, ಮೂರನೆಯದರಲ್ಲಿ ಪಡಸಾಲೆಯೂ ದೇವರ ಕೋಣೆಯೂ, ಮೇಲಿನದರಲ್ಲಿ ಮಾಳಿಗೆಯ ಕೋಣೆ, ಹೀಗೆ ಒಂದು ಮನೆಯೇ ನೆಲೆಸಿದೆ. ಕಿನ್ನಾಳದ ಐದಂಗುಲದ ಗೊಂಬೆಗಳು ಅದರ ನಿವಾಸಿಗಳು. ಇದನ್ನು ಮಾಡಿದವರು ನನ್ನ ಅಕ್ಕನವರು. ಹೆಸರು ಬರೆಯಕೂಡದೆಂದು ಅವರ ಅಪ್ಪಣೆಯಾಗಿದೆ.

ಗೃಹಕವೆಂಬುದು ನಾನು ಕಟ್ಟಿದ ಶಬ್ದವಲ್ಲ. ವಾತ್ಸ್ಯಾಯನನು ಕನ್ಯಾಸಂಪ್ರಯುಕ್ತಕವೆಂಬ ಅಧಿಕರಣದಲ್ಲಿ ಬಾಲೆಯರ ಕ್ರೀಡೆಗಳನ್ನು ಎಣಿಸುವಾಗ ಹೂವು ಬಿಡಿಸುವುದು, ಮಾಲೆ ಕಟ್ಟುವುದು ಇವುಗಳ ಜೊತೆಗೆ ಗೃಹಕವನ್ನೂ ದುಹಿತೃಕೆಯನ್ನೂ, ಎಂದರೆ ಕಿರುಮನೆಯನ್ನೂ ಗೊಂಬೆಯನ್ನೂ, ಹೇಳಿರುವನು. ಗೊಂಬೆಗಳಿಗೆ ನೂಲು, ಮರ, ಕೊಂಬು, ದಂತ, ಮೇಣ, ಹಿಟ್ಟು, ಮಣ್ಣು ದ್ರವ್ಯಗಳು; ಕಿರುಗುಡಿ ಕಿರುಮನೆಗಳಿಗೆ ಮಣ್ಣು, ಸೀಳಿದ ಬಿದಿರು, ಮರ. ಕಾಳಿದಾಸನ ಪಾರ್ವತಿಯೂ ಮಂದಾಕಿನಿಯ ಮರಳಿನಲ್ಲಿ ಜಗಲಿ ಕಟ್ಟಿ ಗೊಂಬೆಯಾಡಿದವಳೇ. ತಮಿಳರಲ್ಲಿ ಈ ಕಿರುಮನೆಗೆ ಸಿಟ್ರಿಲ್ ಎಂದು ಹೆಸರು. ತಾವು ಕಟ್ಟಿದ ಮರಳಿನ ಮನೆಯನ್ನು ಕೆಡಿಸಬೇಡವೆಂದು ಹೆಣ್ಣುಮಕ್ಕಳು ಕೃಷ್ಣನನ್ನು ಬೇಡುವುದನ್ನು ಆಂಡಾಳ್ ಒಂದು ಪೂರ್ಣ ದಶಕದ ವಸ್ತುವನ್ನಾಗಿ ಮಾಡಿಕೊಂಡಿದ್ದಾಳೆ. ತೆಲುಗಿನವರಿಗೆ ಬೊಮ್ಮರಿಲ್ಲು ಉಂಟು. ನಮ್ಮ ಮಕ್ಕಳು ಒದ್ದೆ ಮರಳಿನಲ್ಲಿ ಕಾಲನ್ನು ಹುಗಿದು ತಟ್ಟಿ ಹಗುರವಾಗಿ ಕಾಲೆಳೆದುಕೊಂಡಾಗ ಉಳಿಯುವ ಗುಬ್ಬಿಗೂಡೂ ಇದೇ ಕುಲದ್ದು. ಮೈಸೂರಿನ ದಸರೆಯ ಗೊಂಬೆಗಳನ್ನು ಮಾತ್ರ ನಾನು ಈ ಕುಲಕ್ಕೆ ಸೇರಿಸಲಾರೆ. ಅಲ್ಲಿ ಮೆಟ್ಟಿಲುಗಳುಂಟು, ಪಟ್ಟದ ಗೊಂಬೆಗಳು ನಡುವೆ ವಿರಾಜಿಸುತ್ತವೆ, ಶೆಟ್ಟಿ ಶೆಟ್ಟಿತಿಯರು ಅಂಗಡಿ ಹೂಡುತ್ತಾರೆ. ಗೋಡೆಯಿಲ್ಲ, ಒಳಹೊರಗೆಂಬ ಭೇದವಿಲ್ಲ. ಅದು ಆಸ್ಥಾನ, ಮನೆಯಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೆ ಹತ್ತಿರವಾದುದು ಬೇರೆ ಇದೆ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನಿಂದ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿಯ ಕಾಳುಗಳನ್ನು ಒತ್ತಿ ಸಿಂಗರಿಸುತ್ತಾರೆ. ದೀಪಾವಳಿಯ ಪಾಡ್ಯದಂದು ಸಗಣಿಯ ಹಟ್ಟೆವ್ವನನ್ನು ಕೂರಿಸಿ ಉತ್ತರಾಣಿಯ ಕಡ್ಡಿ, ಚೆಂಡುಹೂಗಳನ್ನು ಸಿಕ್ಕಿಸುತ್ತಾರೆ. ಇವೆಲ್ಲ ಆಯಾ ದಿನಕ್ಕೆ ಹುಟ್ಟಿ ಆಯಾ ಕಾಲಕ್ಕೆ ಕರಗತಕ್ಕವು. ಕಪಾಟಿನ ಮನೆಯಾದರೋ ನಿಲ್ಲುವಂಥದು. ನಿಲ್ಲುವ ವಸ್ತುವಾದುದರಿಂದಲೇ ಅದಕ್ಕೆ ವಿಮರ್ಶೆ ಬೇಕಾಗುವುದು. ಕರಗುವುದನ್ನು ಯಾರೂ ವಿಮರ್ಶಿಸುವುದಿಲ್ಲ.

ಇನ್ನು ನೆಲದ ವಿಚಾರ. ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಆಲೇಖ್ಯದ ಜೊತೆಗೆ, ಅಕ್ಕಿ ಹೂಗಳಿಂದ ನೆಲದ ಮೇಲೆ ಚಿತ್ರ ಹಾಕುವುದೂ ರತ್ನಗಳನ್ನು ಕೂಡಿಸಿ ನೆಲಗಟ್ಟು ಮಾಡುವ ಮಣಿಭೂಮಿಕಾಕರ್ಮವೂ ಬೇರೆ ಬೇರೆ ಕಲೆಗಳಾಗಿ ಎಣಿಸಲ್ಪಟ್ಟಿವೆ. ನಮ್ಮ ಪೂರ್ವಿಕರಿಗೆ ನೆಲವು ಚಿತ್ರಕ್ಕಿಂತ ಕಡಿಮೆಯ ಸಂಗತಿಯಾಗಿರಲಿಲ್ಲ. ಅಕ್ಕನವರ ಮನೆಯಲ್ಲಿ ಮೂರು ಬಗೆಯ ನೆಲಗಳಿವೆ.

ಹಟ್ಟಿಯ ನೆಲ ಮಣ್ಣಿನದು. ಮೊದಲು ಹೊಲದ ಎರೆಮಣ್ಣನ್ನೇ ಬಳಿದರಂತೆ. ಎರೆಯ ಗುಣ ಎಲ್ಲರಿಗೂ ಗೊತ್ತಿರತಕ್ಕದ್ದೇ, ಒಣಗಿತೆಂದರೆ ಬಿರಿಯುತ್ತದೆ. ಹೊಲದಲ್ಲಿ ಬಿರಿಯುವಂತೆಯೇ ಕಪಾಟಿನಲ್ಲಿಯೂ ಬಿರಿಯಿತು. ಆ ಬಿರುಕಿನಲ್ಲಿ ಗೊಂಬೆಯ ಕಾಲು ಮೊಣಕಾಲಿನವರೆಗೆ ಇಳಿಯುವಂತಿತ್ತು. ಆ ಮೇಲೆ ಕೆಮ್ಮಣ್ಣನ್ನು ಧೋತರದ ಅರಿವೆಯಲ್ಲಿ ಸೋಸಿ, ಸಣ್ಣ ಮರಳನ್ನೂ ಹಿಂಜಿದ ಹತ್ತಿಯ ಎಳೆಗಳನ್ನೂ ಸಗಣಿಯನ್ನೂ ಕಲಸಿ ತೆಳ್ಳಗೆ ಬಳಿದರು. ಅದು ನಿಂತಿತು. ಅಡಿಗೆಮನೆಯ ನೆಲ ಗಚ್ಚಿನದು: ಸುಣ್ಣ, ನದಿಯ ನುಣುಪು ಮರಳು, ಜಾಲಿಯ ಅಂಟು; ಮೇಲೆ ಕಾವಿಯ ಪುಡಿಯನ್ನು ಹಸಿ ಇರುವಾಗಲೇ ಉದುರಿಸಿ ವರದೆಯ ಒಂದು ನುಣ್ಣನೆಯ ಹರಳಿನಿಂದ ಉಜ್ಜಿದ್ದು. ದೊಡ್ಡ ಮನೆಗಳ ಗಚ್ಚನ್ನೂ ಕಲ್ಲಿನಿಂದಲೇ ತಿಕ್ಕಿ ಹೊಳಪು ತರಿಸುತ್ತಿದ್ದರಲ್ಲವೆ? ಕೆಲಸ ಅದೇ, ಕೈ ಮಾತ್ರ ಸಣ್ಣದಾಗಿದೆ.

ಪಡಸಾಲೆಯ ನೆಲದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆನು. ಕಾಲಂಗುಲದ ಕಪ್ಪು ಬಿಳುಪು ಚೌಕಗಳ ನೆಲಗಟ್ಟು ಅದು. ಕಪ್ಪು ಚೌಕಗಳು ಒಡೆದ ಪಾಟಿಯ ಚೂರುಗಳನ್ನು ಕಲ್ಲಿನ ಮೇಲೆ ತೇಯ್ದು ಮಾಡಿದವು. ಬಿಳಿಯವು ಬಳಪದ ಕಲ್ಲಿನವು. ಪಾಟಿಯೂ ಬಳಪವೂ ಒಂದಾಗಿ ನೆಲವಾಗಿವೆ. ಅಕ್ಷರ ಬರೆಯುವ ವಸ್ತುವನ್ನು ಕಾಲ ಕೆಳಗೆ ಹಾಸಬಹುದೆ ಎಂದು ನಾನು ಆಕ್ಷೇಪಿಸಿದೆನು. ಅಕ್ಕನವರ ಉತ್ತರ ಹೀಗಿತ್ತು: "ಪಾಟಿ ಮ್ಯಾಲಿನ ಅಕ್ಷರ ಒರಸೂದಕ್ಕಂತನ ಬರಿಯೂದಲ್ಲೇನೋ ತಮ್ಮಾ? ಬರದದ್ದು ಇದ್ದ ಕಾಗದ ಒಂದರೆ ನೆಲಕ್ಕ ಹಾಸೀನೇನು ನೋಡು." ನಾನು ನೋಡಿದೆನು. ಹಾಸಿರಲಿಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ರಸಸಿದ್ಧಕಾವ್ಯದ ಸ್ಥಿರವಾದ ಜೀವಿತವೆಂದು ಹನ್ನೊಂದನೆಯ ಶತಮಾನದಲ್ಲಿ ಸ್ಥಾಪಿಸುವಾಗ, ಕೊರಳಿಗೆ ಒಡ್ಯಾಣವನ್ನೂ ಸೊಂಟಕ್ಕೆ ಹಾರವನ್ನೂ ಧರಿಸಿದವರು ನಗೆಗೀಡಾಗುವರೆಂದನು. ಯಾವುದು ಎಲ್ಲಿರತಕ್ಕದ್ದೆಂಬ ಈ ವಿವೇಕವು ಅವನ ಗ್ರಂಥವನ್ನು ಓದದವರಲ್ಲಿ ಇಷ್ಟು ಸೂಕ್ಷ್ಮವಾಗಿ ಇರುವುದೆಂದು ನಾನು ನಿರೀಕ್ಷಿಸಿರಲಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಗೊಂಬೆಮನೆಯ ಉತ್ಕರ್ಷವಿರುವುದು ನಿಜವಾದ ದ್ರವ್ಯಗಳಿಂದ, ನಿಜವಾದ ಪ್ರಮಾಣದಲ್ಲಿ ಮಾಡುವುದರಲ್ಲಿ ಅಲ್ಲವೆ? ಈ ಪಕ್ಷಕ್ಕೆ ಪಾಶ್ಚಾತ್ಯರಲ್ಲಿ ದೊಡ್ಡ ನಿದರ್ಶನಗಳಿವೆ. ಆಂಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಪೆಟ್ರೊನೆಲ್ಲಾ ಓರ್ಟ್‌ಮನ್ ಎಂಬವಳ ಗೊಂಬೆಮನೆಯಿದೆ. ಸುಮಾರು 1686 ರಿಂದ 1710 ರ ವರೆಗೆ ಸಜ್ಜುಗೊಂಡದ್ದು. ಅದೂ ಕಪಾಟೇ, ಹೊರಮೈಗೆ ಆಮೆಯ ಚಿಪ್ಪು ಮತ್ತು ತವರದ ಕೆತ್ತನೆ. ಪಿಂಗಾಣಿಯ ಪಾತ್ರೆಗಳನ್ನು ಪೂರ್ವದೇಶಗಳಿಂದ ಅಳತೆ ಕೊಟ್ಟು ತರಿಸಿದಳು. ಇಪ್ಪತ್ತರಿಂದ ಮೂವತ್ತು ಸಾವಿರ ಗಿಲ್ಡರುಗಳು ವೆಚ್ಚವಾದವೆಂದು ಹೇಳುತ್ತಾರೆ, ಎಂದರೆ ಆ ಕಾಲಕ್ಕೆ ಕಾಲುವೆಯ ದಂಡೆಯ ಮೇಲೆ ಒಂದು ನಿಜವಾದ ಮನೆಯ ಬೆಲೆ. 1921 ರಿಂದ 1924 ರ ವರೆಗೆ ಲಟ್ಯೆನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಇಂಗ್ಲಂಡದ ಮೇರಿ ರಾಣಿಗೆ ಮಾಡಿಕೊಟ್ಟ ಗೊಂಬೆಮನೆ ವಿಂಡ್ಸರಿನಲ್ಲಿದೆ. ಅಡಿಗೆ ಒಂದು ಅಂಗುಲದ ಪ್ರಮಾಣ. ನಲ್ಲಿಗಳಲ್ಲಿ ನೀರು ಬರುತ್ತದೆ, ವಿದ್ಯುದ್ದೀಪ ಉರಿಯುತ್ತದೆ, ಗ್ರಂಥಾಲಯದಲ್ಲಿ ಆ ಕಾಲದ ಲೇಖಕರು ಬರೆದುಕೊಟ್ಟ ಕಿರುಹೊತ್ತಗೆಗಳಿವೆ. ಬರ್ನಾರ್ಡ್ ಶಾ ಮಾತ್ರ ಬರೆದುಕೊಡಲು ಒಪ್ಪಲಿಲ್ಲ. ಚಿಕಾಗೋ ಕಲಾಸಂಸ್ಥೆಯಲ್ಲಿರುವ ಥಾರ್ನ್ ಅವರ ಅರವತ್ತೆಂಟು ಕಿರುಕೋಣೆಗಳೂ ಅದೇ ಪ್ರಮಾಣದವು, 1932 ರಿಂದ 1940 ರ ವರೆಗಿನವು. ಇವುಗಳ ಮುಂದೆ ಮಣ್ಣು ಸಗಣಿಗಳ ಕಪಾಟು ಎಷ್ಟರದು ಎಂದು ಕೇಳುವವರು ಇರಬಹುದು.

ಭರತನು ಈ ಪ್ರಶ್ನೆಯನ್ನು ಆಗಲೇ ತೀರ್ಮಾನಿಸಿದ್ದಾನೆಂದು ನನ್ನ ಮತ. ಆಹಾರ್ಯಾಭಿನಯದ ಪ್ರಕರಣದಲ್ಲಿ ರಂಗದ ಮೇಲಿನ ಕೃತಕವಸ್ತುಗಳಿಗೆ ಪುಸ್ತವೆಂದು ಹೆಸರಿಟ್ಟು, ಅದನ್ನು ಸಂಧಿಮ, ವ್ಯಾಜಿಮ, ವೇಷ್ಟಿಮ ಎಂದು ವಿಂಗಡಿಸಿ, ಪ್ರಾಸಾದ, ಮನೆ, ವಾಹನಗಳನ್ನು ಲಕ್ಷಣದಲ್ಲಿ ಹೇಳಿದಂತೆಯೇ ರಂಗದಲ್ಲಿ ಮಾಡಲು ಶಕ್ಯವಿಲ್ಲವೆಂದು ಹೇಳುತ್ತಾನೆ. ಕಬ್ಬಿಣ ಮೊದಲಾದ ಗಟ್ಟಿ ದ್ರವ್ಯಗಳಿಂದ ನಾಟ್ಯೋಪಕರಣಗಳನ್ನು ಮಾಡಬಾರದು, ಭಾರದಿಂದ ಖೇದವುಂಟಾಗುವುದು ಎನ್ನುತ್ತಾನೆ. ಲೋಕಧರ್ಮಿ ನಾಟ್ಯಧರ್ಮಿಗಳ ವಿಭಾಗವನ್ನು ಇದೇ ಸಂದರ್ಭದಲ್ಲಿ ನೆನಪಿಸುತ್ತಾನೆ. ಓರ್ಟ್‌ಮನ್ನಳ ಮನೆ ಲೋಕಧರ್ಮಿಯ ಪರಾಕಾಷ್ಠೆ. ಅದನ್ನು ನೋಡಿದವನು ಮೊದಲು ಬೆಲೆಯನ್ನು ಎಣಿಸುತ್ತಾನೆ. ನಾನೂ ಮೇಲಿನ ವಾಕ್ಯಗಳಲ್ಲಿ ಹಾಗೆಯೇ ಎಣಿಸಿದೆನು, ವಾಚಕರು ಗಮನಿಸಿರಬಹುದು.

ಆದರೆ ಹಟ್ಟಿಯ ನೆಲದಲ್ಲಿ ಸಗಣಿ ಮಣ್ಣುಗಳು ನಿಜವಾದ ದ್ರವ್ಯಗಳೇ ಅಲ್ಲವೆ, ಅಲ್ಲಿಯೂ ಲೋಕಧರ್ಮಿಯೇ ಆಯಿತಲ್ಲ, ಎಂದು ಕೇಳಿದರೆ ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ನಾನು ಗ್ರಂಥಗಳಲ್ಲಿ ಹುಡುಕಿ ಕಾಣದೆ ಕಪಾಟಿನಲ್ಲಿಯೇ ಕಂಡೆನು. ವಸ್ತುವನ್ನು ಹನ್ನೆರಡು ಪಾಲು ಕುಗ್ಗಿಸಬಹುದು. ದ್ರವ್ಯದ ಕಣವನ್ನು ಕುಗ್ಗಿಸಲಾಗದು. ಸಾಗವಾನಿಯ ಗೆರೆ ಎಷ್ಟು ಸಣ್ಣ ಹಲಗೆಯಲ್ಲಿಯೂ ಅಷ್ಟೇ ಅಗಲ. ಅಮೃತಶಿಲೆಯ ನರ ಗೊಂಬೆಯ ಕೋಣೆಯಲ್ಲಿ ಕಾಲುದಾರಿಯಾಗುತ್ತದೆ. ಮೊದಲು ಅಕ್ಕನವರು ಪಡಸಾಲೆಗೆ ಇಳಕಲ್ಲಿನ ಸೀರೆಯ ತುಣುಕನ್ನು ಜಮಖಾನೆಯೆಂದು ಹಾಸಿದ್ದರು. ಅದರ ಎಳೆಗಳು ಗೊಂಬೆಯ ಬೆರಳಿನಷ್ಟು ದಪ್ಪವಾಗಿ ಕಂಡುದರಿಂದ ತೆಗೆದರು. ಸೋಸಿದ ಮಣ್ಣು, ಸುಣ್ಣ, ಪಾಟಿ, ಬಳಪ, ಕಾಗದ, ಇವುಗಳಲ್ಲಿ ಕಣ ಕಣ್ಣಿಗೆ ಸಿಕ್ಕುವುದಿಲ್ಲ. ಆದುದರಿಂದ ಅವು ಯಾವ ಪ್ರಮಾಣಕ್ಕೂ ಒಗ್ಗುತ್ತವೆ. ದ್ರವ್ಯವು ನಿಜವೋ ಕೃತಕವೋ ಎಂಬುದಲ್ಲ, ತನ್ನ ದೊಡ್ಡತನವನ್ನು ಬಿಟ್ಟುಕೊಡುವುದೋ ಇಲ್ಲವೋ ಎಂಬುದು ಇಲ್ಲಿಯ ನಿಕಷ. ಭರತನ ಗುರುತ್ವದೋಷವನ್ನು ತೂಕಕ್ಕೆ ಮಾತ್ರವಲ್ಲದೆ ಕಣಕ್ಕೂ ಅನ್ವಯಿಸಬಹುದೆಂದು ಸೂಚಿಸುತ್ತೇನೆ, ವಿದ್ವಾಂಸರು ಪರಾಂಬರಿಸಬೇಕು.

ಮೃಚ್ಛಕಟಿಕದ ಆರನೆಯ ಅಂಕವನ್ನು ಈ ದೃಷ್ಟಿಯಿಂದ ಇನ್ನೊಮ್ಮೆ ಓದಬೇಕೆನಿಸುತ್ತದೆ. ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಗಾಗಿ ಅಳುತ್ತಾನೆ. ಮಣ್ಣಿನ ಬಂಡಿ ಅವನಿಗೆ ಬೇಡ. ವಸಂತಸೇನೆ ತನ್ನ ಒಡವೆಗಳನ್ನು ಕಳಚಿ ಅದರಲ್ಲಿ ತುಂಬುತ್ತಾಳೆ. ಆಕೆಯ ವಾತ್ಸಲ್ಯವನ್ನು ಹೊಗಳುವುದರಲ್ಲಿ ನಾವು ಅಧ್ಯಾಪಕರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತೇವೆ. ಒಡವೆ ತುಂಬಿದ ಕ್ಷಣದಿಂದ ಅದು ಆಟಿಕೆಯಾಗಿ ಉಳಿಯುವುದಿಲ್ಲ. ಅದೇ ಒಡವೆಗಳು ನ್ಯಾಯಸ್ಥಾನದಲ್ಲಿ ಮೈತ್ರೇಯನ ಕಂಕುಳಿಂದ ಉದುರಿ ಚಾರುದತ್ತನನ್ನು ಶೂಲದ ಬಳಿಗೆ ಒಯ್ಯುತ್ತವೆ. ಶೂದ್ರಕನು ತನ್ನ ಕೃತಿಗೆ ಒಡವೆಯ ಹೆಸರನ್ನಿಡದೆ ಮಣ್ಣಿನ ಬಂಡಿಯ ಹೆಸರನ್ನಿಟ್ಟದ್ದು ಆಕಸ್ಮಿಕವಲ್ಲ.

ಗೋಡೆಗಳಿಗೆ ಬರುತ್ತೇನೆ. ಅಕ್ಕನವರ ಯಜಮಾನರು ಕೆಲವು ಕಾಲ ಸಾಗರದ ಕಡೆ ಶಾಲಾಮಾಸ್ತರರಾಗಿದ್ದರು. ಅಲ್ಲಿಯ ದೀವರ ಹೆಣ್ಣುಮಕ್ಕಳು ಹಸೆಗೋಡೆಯ ಮೇಲೆ ಬರೆಯುವ ಚಿತ್ತಾರವನ್ನು ಇವರು ನೋಡಿ ಕಲಿತರು: ಕೆಮ್ಮಣ್ಣಿನ ನೆಲೆ, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕರಿ, ಗುರಿಗೆಯ ಹಳದಿ, ಕುಂಚಕ್ಕೆ ಪುಂಡಿಯ ನಾರು. ಅಡಿಗೆಮನೆಯ ಗೋಡೆಗೆ ಮೊದಲು ಬ್ಯಾಡಗಿಯ ಮೆಣಸಿನಕಾಯಿಯ ಕೆಂಪನ್ನು ಎಣ್ಣೆಯಲ್ಲಿ ಇಳಿಸಿ ಕಾಗದಕ್ಕೆ ಬಳಿದು ನೋಡಿದರು. ಊಟಕ್ಕೆ ಆ ಬಣ್ಣ ಎಷ್ಟು ಮೆರಗು ಕೊಟ್ಟರೂ ಬೆಳಕಿಗೆ ನಿಲ್ಲದು, ವರ್ಷವಾಗುವಷ್ಟರಲ್ಲಿ ಮಾಸಿತು. ಮಣ್ಣಿನ ಕೆಂಪು ಮಾಸುವುದಿಲ್ಲ. ಈಗ ಇರುವುದು ಕೆಮ್ಮಣ್ಣು ಬಳಿದ ಕಾಗದ, ಅದರ ಮೇಲೆ ಒಂದೇ ನಾರಿನಿಂದ ಎಳೆದ ಬಿಳಿಯ ಗೆರೆಗಳು. ಚಿತ್ತಾರವು ಸ್ವತಃ ಒಂದು ಮಂಟಪದ ಚಿತ್ರ, ಅದರೊಳಗೆ ಮದುಮಕ್ಕಳು. ಹೀಗಾಗಿ ಮನೆಯೊಳಗಿನ ಗೋಡೆಯಲ್ಲಿ ಇನ್ನೊಂದು ಮನೆ. ಪಡಸಾಲೆಗೂ ದೇವರ ಕೋಣೆಗೂ ನಡುವೆ ಇಳಿಬಿಟ್ಟ ತೆರೆಯಲ್ಲಿ ಕಸೂತಿಯ ಗವಂತಿ, ಮುರಗಿಗಳನ್ನು ಮಾತ್ರ ಉಪಯೋಗಿಸಿದ್ದಾರೆ, ಏಕೆಂದರೆ ಆ ಹೊಲಿಗೆಗಳು ಎರಡೂ ಮಗ್ಗುಲಿಗೆ ಒಂದೇ ಆಗಿ ಕಾಣುತ್ತವೆ. ತೆರೆಯನ್ನು ಎರಡೂ ಕೋಣೆಗಳಿಂದ ನೋಡಬೇಕು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಮೆಂತಿ, ನೇಗಿಗಳಿವೆ. ಅಲ್ಲಿ ಬೆನ್ನು ಕಾಣುವುದಿಲ್ಲ.

ಇನ್ನು ಪಡಸಾಲೆಯ ಗೋಡೆ. ಅದಕ್ಕೆ ಹಚ್ಚಿದ್ದು ಹಳದಿಯ ಕೈಕಾಗದ. ಅದರ ಕಥೆಯನ್ನು ಹೇಳದೆ ಬಿಟ್ಟರೆ ಈ ವಿಮರ್ಶೆ ಪ್ರಾಮಾಣಿಕವಾಗಲಾರದು. ತೀರ್ಥರೂಪರು ಕಾಲವಾದ ಮೇಲೆ, ಪೋಥಿಗಳು ಸುರಕ್ಷಿತವಾಗಿರಲೆಂದು ನಾನೇ ಅವುಗಳನ್ನು ಗಾಡಿಯ ಮೇಲೆ ಹೇರಿಸಿ ಒಂದು ಸಂಸ್ಥೆಗೆ ಒಪ್ಪಿಸಿದೆನು. ಕಪಾಟಿನಲ್ಲಿದ್ದದ್ದು ಕಪಾಟಿನಲ್ಲಿರಲಿ ಎಂದು ಅಕ್ಕನವರು ಹೇಳಿದರು. ಹೆಂಗಸರ ಮಾತೆಂದು ನಾನು ಕೇಳಲಿಲ್ಲ. ಐದು ವರ್ಷಗಳ ಮೇಲೆ ಒಂದು ಪಾಠವನ್ನು ನೋಡಬೇಕಾಗಿ ಹೋದಾಗ ಗಂಟುಗಳು ತಂಪು ನೆಲದ ಮೇಲೆ ಇದ್ದವು. ಗೆದ್ದಲು ಅಡಿಯಿಂದ ಹತ್ತಿ ನಡುವಿನವರೆಗೆ ಬಂದಿತ್ತು. ಅಕ್ಷರಗಳಿದ್ದ ಕಡೆ ಮಣ್ಣಿನ ಸುರಂಗಗಳಿದ್ದವು. ಆ ಸಂಸ್ಥೆಯವರನ್ನು ದೂರುವುದು ಸುಲಭ, ಒಪ್ಪಿಸಿದವನು ನಾನೆಂಬುದು ಉಳಿಯುತ್ತದೆ. ಒಪ್ಪಿಸುವಾಗ ಹೊರೆ ಹಗುರಾಗಲೆಂದು ಪ್ರತಿಯೊಂದು ಪೋಥಿಯ ಮೇಲೂ ಕೆಳಗೂ ಇದ್ದ ಬರಿಯ ಹಾಳೆಗಳನ್ನು, ಏನೂ ಬರೆಯದ ರಕ್ಷಾಪತ್ರಗಳನ್ನು, ನಿಷ್ಪ್ರಯೋಜಕವೆಂದು ತೆಗೆದು ಅಟ್ಟದ ಮೇಲೆ ಎಸೆದಿದ್ದೆನು. ಉಳಿದವು ಅವೇ. ಹಳೆಯ ಕಾಗದಕ್ಕೆ ಹುಳು ಹತ್ತದಿರಲೆಂದು ಹರಿತಾಳವನ್ನು ಬಳಿದು ಕಲ್ಲಿನಿಂದ ತೀಡುತ್ತಿದ್ದರು. ಆ ಹಳದಿ ಇನ್ನೂ ಕಳೆಗುಂದಿಲ್ಲ. (ಹರಿತಾಳ ಪಾಷಾಣವರ್ಗದ್ದು, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಬೇಕು. ಷೀಲೆ ಎಂಬವನು 1775 ರಲ್ಲಿ ಕಂಡುಹಿಡಿದ ಹಸಿರು ಬಣ್ಣದ ಗೋಡೆಕಾಗದದಲ್ಲಿಯೂ ಪಾಷಾಣವೇ ಇದ್ದಿತು, ಯುರೋಪದ ಮನೆಗಳಲ್ಲಿ ಅದು ಬಹುಕಾಲ ನಡೆಯಿತು.) ಅಕ್ಕನವರು ಈ ಹಾಳೆಗಳನ್ನು ಕತ್ತರಿಸಿ, ಹುಣಸೆಬೀಜದ ಸರಿಯಿಂದ ಪಡಸಾಲೆಗೆ ಹಚ್ಚಿದ್ದಾರೆ. ಒಂದೆರಡು ಹಾಳೆಗಳಲ್ಲಿ ಅಕ್ಷರ ಬರೆಯುವುದಕ್ಕಾಗಿ ಒತ್ತಿದ ಸಾಲುಗಳ ಗುರುತು ಕಾಣುತ್ತದೆ. ದೀಪ ಹಿಡಿದರೆ ಗೋಡೆಯ ತುಂಬ ನೇರವಾದ ಗೆರೆಗಳು, ಅಕ್ಷರವಿಲ್ಲ.

ಈ ಗೋಡೆಯ ಮುಂದೆ ಶಂಕುಕನ ಮತವನ್ನು ಪರೀಕ್ಷಿಸುವುದಕ್ಕೆ ಅವಕಾಶ ಸಿಕ್ಕಿತು. ಅವನ ಗ್ರಂಥ ನಮಗೆ ಉಳಿದಿಲ್ಲ. ಅಭಿನವಗುಪ್ತನ ಮುಖಾಂತರ ತಿಳಿದುಬರುವಂತೆ, ಚಿತ್ರದ ಕುದುರೆಯನ್ನು ಕಂಡಾಗ ಆಗುವ ಜ್ಞಾನವು ಸಮ್ಯಗ್ಜ್ಞಾನವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಇದಕ್ಕೆ ಅಭಿನವಗುಪ್ತನ ಗುರು ಭಟ್ಟತೌತನ ಖಂಡನೆಯುಂಟು: ಹರಿತಾಳಾದಿ ವರ್ಣಗಳು ಕೂಡಿದಾಗ ದೀಪವು ತೋರುವಂತೆ ನಿಜವಾದ ಹಸುವನ್ನು ತೋರುವುದಿಲ್ಲ, ಹಸುವಿನ ಅವಯವಗಳಂಥ ಒಂದು ಸನ್ನಿವೇಶವನ್ನು ಮಾತ್ರ ಮಾಡುತ್ತವೆ. ಕಾವ್ಯದ ವಿಷಯದಲ್ಲಿ ನಾನು ತೌತನ ಪಕ್ಷದವನು. ಆದರೆ ಈ ಗೋಡೆಯ ಹರಿತಾಳವು ಗೋಡೆಯಂಥ ಸನ್ನಿವೇಶವನ್ನು ಮಾಡುವುದರ ಜೊತೆಗೆ ತಾನು ಪೋಥಿಯ ಹಾಳೆಯಾಗಿಯೂ ಉಳಿದಿದೆ. ಅನುಕರಿಸುವ ದ್ರವ್ಯಕ್ಕೆ ತನ್ನದೇ ಆದ ಪೂರ್ವವೃತ್ತಾಂತವಿದ್ದಾಗ ಆ ವೃತ್ತಾಂತವೂ ಪ್ರತೀತಿಯಲ್ಲಿ ಸೇರುವುದೋ, ಅಥವಾ ವಿಘ್ನವಾಗುವುದೋ? ಸಾಧಾರಣೀಕರಣವಾಗಬೇಕಾದರೆ ಇಂಥ ಸ್ವಗತವಾದ ಸ್ಮರಣೆಗಳು ಅಡಗಬೇಕೆಂದು ಶಾಸ್ತ್ರ. ನನಗೆ ಅಡಗಲಿಲ್ಲ. ಬೇರೆಯ ಪ್ರೇಕ್ಷಕನಿಗೆ ಅದು ಬರಿಯ ಸೊಗಸಾದ ಹಳದಿ ಗೋಡೆ. ಆದುದರಿಂದ ಈ ಖಾನೆಯ ವಿಷಯದಲ್ಲಿ ನಾನು ಸಹೃದಯನೆಂದು ತೀರ್ಪು ಕೊಡಲು ಅರ್ಹನಲ್ಲ. ಸಾಕ್ಷಿ ನುಡಿಯಲು ಮಾತ್ರ ಅರ್ಹನು.

ಮೇಲಿನ ಖಾನೆಯ ವಿಷಯದಲ್ಲಿ ಅಂಥ ತೊಡಕಿಲ್ಲ. ಅಲ್ಲಿ ದೋಷವಿದೆ, ಹೇಳುತ್ತೇನೆ. ಮಾಳಿಗೆಯ ಕೋಣೆಗೆ ಉಡುಗೊರೆ ಸುತ್ತುವ ಹೊಳಪಿನ ಕಾಗದವನ್ನು ಹಚ್ಚಿದೆ. ಅದರ ಮೇಲೆ ದೊಡ್ಡ ದೊಡ್ಡ ಗುಲಾಬಿಗಳು. ಒಂದೊಂದು ಹೂವು ಗೊಂಬೆಯ ತಲೆಯಷ್ಟಿದೆ. ಮಾಡುವಿಕೆಯಲ್ಲಿ ಎಲ್ಲ ಕಡೆಗೂ ಇಷ್ಟು ಎಚ್ಚರವಹಿಸಿದವರು, ಹದಿಮೂರಂಗುಲದ ಖಾನೆ ಐದಂಗುಲದ ಗೊಂಬೆಗೆ ಅತಿ ಎತ್ತರವಾಗುವುದೆಂದು ಬಿದಿರಿನ ಸೀಳುಗಳಿಂದ ಹತ್ತಂಗುಲಕ್ಕೆ ಜಂತಿ ಹಾಕಿ ಮೇಲೆ ಅಟ್ಟವನ್ನು ಬಿಟ್ಟವರು, ಇಲ್ಲಿ ಪ್ರಮಾಣವನ್ನು ಮರೆತದ್ದೇಕೆ? ನಮ್ಮ ಶಿಲ್ಪಶಾಸ್ತ್ರವು ಮಾನಾಂಗುಲ, ಮಾತ್ರಾಂಗುಲಗಳಲ್ಲದೆ ದೇಹಲಬ್ಧಾಂಗುಲವೆಂಬ ಅಳತೆಯನ್ನು ಹೇಳುತ್ತದೆ. ವಿಗ್ರಹದ ಅಂಗುಲ ವಿಗ್ರಹದ ದೇಹದಿಂದಲೇ ಹುಟ್ಟತಕ್ಕದ್ದು, ನೋಡುವವನ ಬೆರಳಿನಿಂದಲ್ಲ. ಗೊಂಬೆಯ ಅಂಗುಲದಿಂದ ಅಳೆದರೆ ಈ ಗುಲಾಬಿ ಒಂದು ಮೊರದಷ್ಟಾಗುತ್ತದೆ. ಅಂಥ ಗೋಡೆಯ ನಡುವೆ ಯಾರು ಮಲಗಿ ನಿದ್ರಿಸಿಯಾರು? ಮೇಲಾಗಿ, ಉಳಿದ ಮೂರು ಖಾನೆಗಳಲ್ಲಿ ನೆಲವೂ ಗೋಡೆಯೂ ಕೈಯಿಂದ ಹುಟ್ಟಿದವು. ಇದೊಂದು ಅಂಗಡಿಯಿಂದ ಬಂದದ್ದು. ಇದನ್ನು ತೆಗೆಯಬೇಕೆಂದು ನಾನು ಸಕಾರಣವಾಗಿ ಹೇಳಿದೆನು.

"ಹೂವು ದೊಡ್ಡದಲ್ಲೋ ತಮ್ಮಾ, ಗೊಂಬಿ ಸಣ್ಣದೈತಿ" ಎಂದರು ಅಕ್ಕನವರು.

ಈ ಮಾತನ್ನು ನಾನು ಮೊದಲು ವಿನೋದವೆಂದು ತಳ್ಳಿಹಾಕಿದೆನು. ಮರುದಿನ ಹಾವೇರಿಗೆ ಬಂದು ಪುರಸಿದ್ಧೇಶ್ವರ ದೇವಾಲಯದ ಹೊರಗೋಡೆಯನ್ನು ಸುತ್ತುತ್ತಿರುವಾಗ ಅದು ಮತ್ತೆ ನೆನಪಾಯಿತು. ಕಲ್ಯಾಣದ ಚಾಲುಕ್ಯರ ಕಾಲದ ಈ ಗುಡಿ ಬಳಪದ ಕಲ್ಲಿನದು. ಅಕ್ಕನವರ ನೆಲದ ಬಿಳಿಯ ಚೌಕಗಳಿಗೆ ಜ್ಞಾತಿ. ಅದರ ಗೋಡೆಯ ಮೇಲೆ ಕಂಬದ ತುದಿಗಳಲ್ಲಿ ಕಿರುಶಿಖರಗಳು, ಒಂದೊಂದೂ ಒಂದು ಪೂರ್ಣವಾದ ಗುಡಿಯೇ. ಮೇಲಿನ ವಿಮಾನವೂ ಕೂಟ, ಶಾಲೆ, ಪಂಜರಗಳೆಂಬ ಕಿರುಮನೆಗಳನ್ನು ಅಂತಸ್ತು ಅಂತಸ್ತಾಗಿ ಪೇರಿಸಿದ್ದಲ್ಲದೆ ಬೇರೆಯಲ್ಲ. ವಾತ್ಸ್ಯಾಯನನ ದೇವಕುಲಗೃಹಕವು ಇಲ್ಲಿ ಕಲ್ಲಾಗಿದೆ. ತುಂಗಭದ್ರೆಯ ದಡದ ಚೌಡಯ್ಯದಾನಪುರದ ಮುಕ್ತೇಶ್ವರದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಈ ಗೋಡೆಗಳಲ್ಲಿ ಕಿರುಶಿಖರವೊಂದರ ಪಕ್ಕದಲ್ಲಿ ಅದಕ್ಕಿಂತ ಹಿರಿದಾದ ಲತೆಯೋ ಮಕರವೋ ಇದ್ದರೆ ಯಾವ ರಸಿಕನೂ ಪ್ರಮಾಣದೋಷವನ್ನು ಎತ್ತಿಲ್ಲ. ನಾನೂ ಮೂವತ್ತು ವರ್ಷಗಳಿಂದ ವಿದ್ಯಾರ್ಥಿಗಳನ್ನು ಕರೆತಂದು ತೋರಿಸುತ್ತಿದ್ದೇನೆ, ಎತ್ತಿಲ್ಲ. ಅಲ್ಲಿ ಅಳತೆಯು ನಿವಾಸಿಯ ದೇಹದಿಂದ ಹುಟ್ಟದೆ ಗೋಡೆಯ ಲಯದಿಂದ ಹುಟ್ಟಿದೆ. ಅಡಿಗೆ ಅಂಗುಲವೆಂಬ ಏಕಪ್ರಮಾಣವು ವಿಂಡ್ಸರಿನ ಮನೆಗೆ ಧರ್ಮವಾದರೆ ಹಾವೇರಿಯ ಗೋಡೆಗೆ ಧರ್ಮವಲ್ಲ.

ಹಾಗೆಂದು ಗುಲಾಬಿಯ ಕಾಗದವು ನಿರ್ದುಷ್ಟವಾಯಿತೆ? ಆಗಲಿಲ್ಲವೆಂದೇ ನನ್ನ ನಿರ್ಣಯ. ದೇವಾಲಯದ ಗೋಡೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ನಿಯಮ ನಡೆಯುತ್ತದೆ. ಕಪಾಟಿನಲ್ಲಿ ಮೂರು ಖಾನೆಗಳಿಗೆ ದೇಹಲಬ್ಧಾಂಗುಲವೂ ನಾಲ್ಕನೆಯದಕ್ಕೆ ಬೇರೆ ನಿಯಮವೂ ನಡೆದರೆ ಅದು ಪ್ರಕ್ರಮಭಂಗ. ಇದನ್ನೂ ಅಕ್ಕನವರಿಗೆ ಬಿನ್ನವಿಸಿದೆನು. ಆ ಕಾಗದ ಮೊಮ್ಮಗಳ ಹುಟ್ಟುಹಬ್ಬದ ಉಡುಗೊರೆಗೆ ಸುತ್ತಿ ಬಂದದ್ದೆಂದೂ, ಅದನ್ನು ಅಂಟಿಸಿದವಳು ಆ ಆರು ವರ್ಷದ ಹುಡುಗಿಯೇ ಎಂದೂ ಆಗ ತಿಳಿಯಿತು. ಕರ್ತೃಭೇದವು ಸಿದ್ಧವಾದುದರಿಂದ ಪ್ರಕ್ರಮಭಂಗದ ದೋಷವು ಅಕ್ಕನವರ ಮೇಲಿನಿಂದ ಇಳಿಯುತ್ತದೆ; ಕೃತಿಯ ಮೇಲಿನಿಂದ ಇಳಿಯುವುದಿಲ್ಲ. ಒಂದು ಕಾವ್ಯವನ್ನು ತಂದೆ ಆರಂಭಿಸಿ ಮಗ ಮುಗಿಸಿದಾಗ ನಾವು ಏನು ಮಾಡುತ್ತೇವೆ? ಬಾಣನ ಕಾದಂಬರಿಯ ಉತ್ತರಭಾಗವನ್ನು ಅವನ ಮಗನು ಪೂರಯಿಸಿದನೆಂದು ಬಲ್ಲೆವು. ಶೈಲಿ ಬೇರೆಯೆಂದು ಹೇಳುತ್ತೇವೆ, ಆದರೆ ಹರಿದು ತೆಗೆಯುವುದಿಲ್ಲ.

ಪ್ರತಿ ಶುಕ್ರವಾರ ಅಕ್ಕನವರು ಕಪಾಟಿನ ಬಾಗಿಲು ತೆರೆದು ಹಟ್ಟಿಯ ನೆಲವನ್ನು ಕಿರುಬೆರಳಿನಿಂದ ಸಾರಿಸುತ್ತಾರೆ. ಹೊಸ್ತಿಲ ಮುಂದೆ ಒಂದು ಕಡ್ಡಿಯ ತುದಿಯಿಂದ ರಂಗವಲ್ಲಿಯ ನಾಲ್ಕು ಚುಕ್ಕಿಗಳನ್ನಿಡುತ್ತಾರೆ. ಹೋದ ದೀಪಾವಳಿಗೆ ನಾನು ಹೋದಾಗ ಅದೇ ಸಗಣಿಯಿಂದ ಅಲ್ಲಿ ಒಂದು ಹೆಬ್ಬೆರಳಿನಷ್ಟು ಹಟ್ಟೆವ್ವ ಕುಳಿತಿದ್ದಳು. ಮಾಳಿಗೆಯ ಕೋಣೆಯಲ್ಲಿ ಗುಲಾಬಿಯ ಕಾಗದ ಹಾಗೆಯೇ ಇದ್ದಿತು. ನನ್ನ ಆಕ್ಷೇಪವೂ ಹಾಗೆಯೇ ಇದೆ.